ಕತ್ತರಿಸಿದ ಚಿತ್ರ

2018ರ ಬೇಸಿಗೆಯಲ್ಲಿ ನಾವೂ ಒಂದು ತಪ್ಪು ಮಾಡಿದೆವು. ಮೋಟಾರ್ ಸೈಕಲ್ಲಿನಲ್ಲಿ ಬಂದ ಇಬ್ಬರು ಮಗುವೊಂದನ್ನು ಎತ್ತಿಕೊಂಡು ಹೋಗುವ ದೃಶ್ಯ ವಾಟ್ಸಪ್ಪಿನಲ್ಲಿ ಬಂದಿತ್ತು. ಮೊಮ್ಮಕ್ಕಳಿರುವ ಮನೆ, ಹಿಂದುಮುಂದು ನೋಡದೆ ಬಂಧುಗಳಿಗೆಲ್ಲ ಕಳುಹಿಸಿಬಿಟ್ಟೆವು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಿಸಿದ ಜಾಗೃತಿ ಚಿತ್ರವೆಂದೂ, ಮಗುವನ್ನು ಮರಳಿ ತಂದು ಇಳಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರೆಂದೂ ನಮಗೆ ತಿಳಿದದ್ದು ತಡವಾಗಿ. ಆ ಜುಲೈನಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದ ಪ್ರವಾಸಿ ತರುಣರನ್ನು ಮಕ್ಕಳ ಕಳ್ಳರೆಂದು ಬಗೆದು ಜನ ಮುಗಿಬಿದ್ದರು. ಹೈದರಾಬಾದಿನ ಒಬ್ಬ ಯುವಕನ ಪ್ರಾಣ ಹೋಯಿತು. ನಮ್ಮ ಕೈಯಿಂದ ಹೊರಟದ್ದು ಎಲ್ಲೆಲ್ಲಿ ತಲುಪಿತೋ ಎಂಬ ಅಳುಕು ಇಂದಿಗೂ ಬಿಟ್ಟಿಲ್ಲ.

ಈಚೆಗೆ ಬೆಂಗಳೂರಿನಲ್ಲಿ ಭೌತಶಾಸ್ತ್ರ ಓದುತ್ತಿರುವ ಅಣ್ಣನ ಮಗಳು, “ಕಾಕಾ, ಸುಳ್ಳುಸುದ್ದಿ ಹಿಡಿಯಲು ಕ್ವಾಂಟಮ್ ಗಣಕಯಂತ್ರವನ್ನೂ ಪ್ರಯೋಗಿಸಿ ನೋಡುತ್ತಿದ್ದಾರೆ” ಎಂದಳು. ಸಾಮಾನ್ಯ ಗಣಕದ ಬಿಟ್ ಸೊನ್ನೆ ಇಲ್ಲವೆ ಒಂದು. ಕ್ಯೂಬಿಟ್ಟಾದರೋ ಎರಡರ ಮಿಶ್ರಸ್ಥಿತಿಯಲ್ಲಿರಬಲ್ಲದು. ಪದಪದಗಳ ಸಂಬಂಧವನ್ನು ಅದರಿಂದ ಇನ್ನಷ್ಟು ಚೆನ್ನಾಗಿ ಅಳೆಯಬಹುದೆಂಬುದು ವಿಜ್ಞಾನಿಗಳ ಆಸೆ. ಆದರೆ ಆ ಸ್ಥಿತಿ ಬಲು ನಾಜೂಕು; ಇಂಥ ಹಲವು ಯಂತ್ರಗಳನ್ನು ಮೈನಸ್ 273 ಡಿಗ್ರಿಯ ಸಮೀಪದ ಚಳಿಯಲ್ಲಿ ಇಡಬೇಕಂತೆ! ಪ್ರಯೋಗಗಳೂ ಇನ್ನೂ ಚಿಕ್ಕವೇ.

“ಕತ್ತರಿಸಿದ ಭಾಗ ನಿಮ್ಮ ಯಂತ್ರಕ್ಕೆ ಕಂಡೀತೇನಮ್ಮಾ?” ಎಂದು ಕೇಳಿದೆವು.

“ಮೂಲಚಿತ್ರ ಸಿಕ್ಕರೆ ಇಂದಿನ ಗಣಕವೇ ಹೋಲಿಸಿ ತೋರಿಸೀತು. ಸಿಗದಿದ್ದರೆ ಕ್ವಾಂಟಮ್ ತಾನೇ ಏನು ಮಾಡೀತು, ಕಾಕಾ?”

ಅಂದು ರಾತ್ರಿ ಬಂಧುಗಳ ಗುಂಪಿಗೆ, 2018ರಲ್ಲಿ ನಾವು ಕಳುಹಿಸಿದ್ದು ಸುಳ್ಳೆಂದು ಬರೆದೆವು.