ಸಿಹಿ ಅನ್ನಕ್ಕೆ ಹುರಿದ ಮೀನು

ಒಂದು ಪ್ರಶ್ನೆ ಕೇಳುತ್ತೇನೆ, ಮನಸ್ಸಿನಲ್ಲೇ ಉತ್ತರಿಸಿ. ಮನೆಯವರೆಲ್ಲ ಊಟ ಮುಗಿಸಿ ಎದ್ದ ಮೇಲೆ, ಯಾರೂ ನೋಡದ ಹೊತ್ತಿನಲ್ಲಿ ನೀವು ಯಾವುದಕ್ಕೆ ಯಾವುದನ್ನು ಸೇರಿಸಿಕೊಂಡು ತಿನ್ನುತ್ತೀರಿ? ಮೊಸರನ್ನಕ್ಕೆ ಬಾಳೆಹಣ್ಣು ಹಿಸುಕಿಕೊಳ್ಳುವವರು ನಿಮ್ಮಲ್ಲಿ ಇರಬಹುದು. ಪರೋಟವನ್ನು ಸಿಹಿ ಚಹಾದಲ್ಲಿ ಅದ್ದಿ ತಿನ್ನುವವರಿರಬಹುದು. ನೀರುದೋಸೆಯ ಒಂದು ಬದಿಗೆ ಕಾಯಿಬೆಲ್ಲ, ಇನ್ನೊಂದು ಬದಿಗೆ ಕೋಳಿಸಾರು ಹಾಕಿಕೊಂಡು, ಎರಡೂ ಕೂಡುವ ಜಾಗದ ತುತ್ತನ್ನೇ ಕೊನೆಗೆಂದು ಉಳಿಸಿಕೊಳ್ಳುವವರೂ ಇರಬಹುದು. ಆದರೆ ನೆಂಟರ ಮುಂದೆ ಮಾತ್ರ ನಾವು ಯಾರೂ ಹಾಗೆ ತಿನ್ನುವುದಿಲ್ಲ. ನಗುತ್ತಾರೆಂಬ ಅಂಜಿಕೆ.

ಈ ಅಂಜಿಕೆಯ ಬಗ್ಗೆ ನನ್ನನ್ನು ಯೋಚನೆಗೆ ಹಚ್ಚಿದ್ದು ಬಹರೈನಿನ ಮುಹರ್ರಕ್ ಎಂಬ ಊರು. 2023ರ ಡಿಸೆಂಬರಿನಲ್ಲಿ ನನ್ನ ತಮ್ಮನ ಕುಟುಂಬದೊಂದಿಗೆ ಕೆಲವು ದಿನ ಅಲ್ಲಿದ್ದೆ. ಬಹರೈನ್ ಹಲವು ದ್ವೀಪಗಳ ಪುಟ್ಟ ದೇಶ. ರಾಜಧಾನಿ ಮನಾಮ ಒಂದು ದ್ವೀಪದಲ್ಲಿದ್ದರೆ, ವಿಮಾನ ನಿಲ್ದಾಣವಿರುವ ಮುಹರ್ರಕ್ ಇನ್ನೊಂದರಲ್ಲಿದೆ. ನಡುವೆ ಸೇತುವೆಗಳು. ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಈ ಊರಿನ ಹೆಸರು ಹೊಸದಲ್ಲ. ಅಣ್ಣನೋ ಮಾವನೋ ಮಗನೋ ಅಲ್ಲಿ ದುಡಿದಿರುತ್ತಾರೆ.

ಮುಹರ್ರಕ್‌ಗೆ ಹೋದರೆ ಹಳೆಯ ಗಲ್ಲಿಗಳಲ್ಲಿ ಒಮ್ಮೆ ನಡೆದಾಡಿ. ಹವಳದ ಕಲ್ಲಿನ ಹಳೆಯ ಮನೆಗಳು, ಕೆತ್ತನೆಯ ಮರದ ಬಾಗಿಲುಗಳು, ಹಲ್ವಾ ಅಂಗಡಿಗಳ ಏಲಕ್ಕಿ ಪರಿಮಳ. ಕಡಲಂಚಿನ ಬು ಮಾಹಿರ್ ಕೋಟೆಯಿಂದ ಊರೊಳಗಿನ ಮುತ್ತು ವ್ಯಾಪಾರಿಗಳ ಮನೆಗಳವರೆಗೆ ಸುಮಾರು ಮೂರೂವರೆ ಕಿಲೋಮೀಟರ್ ಉದ್ದದ ಕಾಲುದಾರಿಯಿದೆ. ದಾರಿಯುದ್ದಕ್ಕೂ ಮುತ್ತಿನಂತೆ ದುಂಡಗಿನ ಬಿಳಿ ದೀಪಗಳು. ಮುತ್ತು ತೆಗೆಯುವವರ ಬದುಕನ್ನು ನೆನಪಿಸುವ ಈ ತಾಣಗಳನ್ನು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಂದು ಶುಕ್ರವಾರ ಜುಮಾ ನಮಾಝಿನ ನಂತರ ತಮ್ಮನ ನೆರೆಮನೆಯ ಬಹರೈನಿ ಕುಟುಂಬದವರು ನಮ್ಮನ್ನು ಊಟಕ್ಕೆ ಕರೆದರು. ನೆಲದ ಮೇಲೆ ಹಾಸು ಹಾಸಿ ದೊಡ್ಡ ತಟ್ಟೆ ಇಟ್ಟರು. ಅದರಲ್ಲಿ ಕೆಂಪು ಮಿಶ್ರಿತ ಕಂದು ಬಣ್ಣದ ಅನ್ನ. ನಾನು ಬಿರಿಯಾನಿಯೆಂದೇ ಭಾವಿಸಿ ಬಿಸ್ಮಿಲ್ಲಾ ಹೇಳಿ ತುತ್ತು ಬಾಯಿಗಿಟ್ಟೆ. ಸಿಹಿ! ಏಲಕ್ಕಿ, ಕೇಸರಿ, ಪನ್ನೀರಿನ ಪರಿಮಳದ ಸಿಹಿ ಅನ್ನ. ಪಾಯಸದಂತೆ ಇದನ್ನು ಬೇರೆಯಾಗಿ ತಿನ್ನಬೇಕೇನೋ ಎಂದುಕೊಳ್ಳುವಷ್ಟರಲ್ಲಿ, ಆ ಮನೆಯ ಹಿರಿಯಾಕೆ ಅಂಗೈ ಅಗಲದ ಹುರಿದ ಮೀನಿನ ತಿರುಳನ್ನು ಮುಳ್ಳಿನಿಂದ ಬಿಡಿಸಿ, ಅದೇ ಅನ್ನದ ಮೇಲೆ ನನ್ನ ಮುಂದಕ್ಕೆ ಇಟ್ಟರು. ಮೀನಿನ ಹೆಸರು ಸಾಫಿ. ಅನ್ನದ ಹೆಸರು ಮುಹಮ್ಮರ್, ಎಂದರೆ ಕೆಂಪಾಗಿಸಿದ್ದು.

ನಾನು ಹಿಂದೆಮುಂದೆ ನೋಡಿದೆ. ತಮ್ಮ ನಗುತ್ತಾ, 'ಅಕ್ಕಾ, ಎರಡನ್ನೂ ಕೂಡಿಸಿ ತಿನ್ನು, ಆಮೇಲೆ ಹೇಳು' ಎಂದ. ತಿಂದೆ. ಮೀನಿನ ಉಪ್ಪು, ಹುರಿದ ಅಂಚಿನ ಗರಿ, ಅನ್ನದ ಸಿಹಿ. ಎರಡನೆಯ ತುತ್ತಿಗೆ ಯಾರೂ ಒತ್ತಾಯಿಸಬೇಕಾಗಲಿಲ್ಲ.

ಇದನ್ನು ಮಾಡುವ ಕ್ರಮ ಹೀಗೆ. ಅಕ್ಕಿಯನ್ನು ಮುಕ್ಕಾಲು ಬೇಯಿಸಿ ನೀರು ಬಸಿಯುತ್ತಾರೆ. ಅದಕ್ಕೆ ಖರ್ಜೂರದ ಪಾಕ ಅಥವಾ ಕಂದುಬಣ್ಣ ಬರುವಷ್ಟು ಕಾಯಿಸಿದ ಸಕ್ಕರೆಯನ್ನು ಬೆರೆಸುತ್ತಾರೆ. ಪನ್ನೀರಿನಲ್ಲಿ ನೆನೆಸಿದ ಕೇಸರಿ, ಏಲಕ್ಕಿ, ಸ್ವಲ್ಪ ತುಪ್ಪ ಹಾಕಿ, ಮುಚ್ಚಳ ಬಿಗಿದು ಸಣ್ಣ ಉರಿಯಲ್ಲಿ ದಮ್ ಕೊಡುತ್ತಾರೆ. ಮೀನನ್ನು ಉಪ್ಪು, ಮಸಾಲೆ ಸವರಿ ಬೇರೆಯಾಗಿ ಹುರಿಯುತ್ತಾರೆ. ಎರಡೂ ಭೇಟಿಯಾಗುವುದು ತಟ್ಟೆಯಲ್ಲೇ.

ಇಂತಹ ಜೋಡಿ ಯಾಕೆ ಹುಟ್ಟಿತು? ಅಲ್ಲಿಯವರು ಹೇಳುವ ಪ್ರಕಾರ ಇದು ಮುತ್ತು ತೆಗೆಯಲು ಕಡಲಿಗೆ ಹಾರುತ್ತಿದ್ದವರ ಊಟ. ಎಣ್ಣೆ ಸಿಗುವ ಮೊದಲು ಬಹರೈನಿನ ಬದುಕು ಮುತ್ತಿನ ಮೇಲೆಯೇ ನಿಂತಿತ್ತು. ಬೇಸಗೆಯ ಸುಮಾರು ನಾಲ್ಕು ತಿಂಗಳು ಗಂಡಸರು ಹಾಯಿದೋಣಿಗಳಲ್ಲೇ ಇರುತ್ತಿದ್ದರು. ಮೂಗಿಗೆ ಚಿಮುಟಿ ಸಿಕ್ಕಿಸಿ, ಹಗ್ಗಕ್ಕೆ ಕಟ್ಟಿದ ಕಲ್ಲಿನ ಭಾರದಲ್ಲಿ ತಳಕ್ಕಿಳಿದು, ಒಂದೇ ಉಸಿರಿನಲ್ಲಿ ಚಿಪ್ಪು ಆಯ್ದು ಮೇಲೆ ಬರಬೇಕು. ದಿನಕ್ಕೆ ಹತ್ತಾರು ಬಾರಿ ಹೀಗೆ. ಹೊಟ್ಟೆ ತುಂಬಿದ್ದರೆ ಮುಳುಗುವುದು ಕಷ್ಟ, ಆದ್ದರಿಂದ ಹಗಲಿಗೆ ನಾಲ್ಕು ಖರ್ಜೂರ, ಒಂದಿಷ್ಟು ಕಾಫಿ. ಸೂರ್ಯ ಮುಳುಗಿದ ಮೇಲೆಯೇ ಅನ್ನ, ಮೀನು. ದಣಿದ ಮೈಗೆ ಸಿಹಿ ಬೇಕಿತ್ತು. ಮೀನು ಕಡಲೇ ಕೊಡುತ್ತಿತ್ತು.

ಸಿಹಿ ಎಲ್ಲಿಂದ ಬರುತ್ತಿತ್ತೆಂದು ತಿಳಿಯಬೇಕಾದರೆ ಬಹರೈನ್ ಕೋಟೆಗೆ ಹೋಗಬೇಕು. 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ತಾಣದಲ್ಲಿ ಉತ್ಖನನ ಮಾಡಿದಾಗ, ನೆಲದಲ್ಲಿ ಸಾಲುಸಾಲು ಕಾಲುವೆ ಕೊರೆದ ಕೋಣೆಗಳು ಸಿಕ್ಕಿವೆ. ಅವುಗಳಿಗೆ ಮದ್‌ಬಸ ಎಂದು ಹೆಸರು. ಖರ್ಜೂರದ ಚೀಲಗಳನ್ನು ಅಲ್ಲಿ ಒಂದರ ಮೇಲೊಂದು ಪೇರಿಸಿದರೆ, ಮೇಲಿನ ಭಾರಕ್ಕೆ ಕೆಳಗಿನ ಚೀಲಗಳಿಂದ ಪಾಕ ಒಸರಿ, ಕಾಲುವೆಯಲ್ಲಿ ಹರಿದು ಮಡಕೆ ಸೇರುತ್ತಿತ್ತು. ಅಕ್ಕಿ ಬರುತ್ತಿದ್ದುದು ನಮ್ಮ ದೇಶದಿಂದ. ದೋಣಿಗೆ ಬೇಕಾದ ಮರವೂ ಮಲಬಾರಿನಿಂದ ಹೋಗುತ್ತಿತ್ತು. ಅಲ್ಲಿನ ಮುತ್ತು ಮುಂಬಯಿಗೆ ಬರುತ್ತಿತ್ತು. 1965ರಲ್ಲಿ ಸ್ವಂತ ದಿನಾರ್ ಬರುವವರೆಗೂ ಅಲ್ಲಿ ಓಡಾಡಿದ್ದು ರೂಪಾಯಿಯೇ. ನನಗೆ ವಿಚಿತ್ರವಾಗಿ ಕಂಡ ಆ ತಟ್ಟೆಯಲ್ಲಿ ಅರ್ಧ ಪಾಲು ನಮ್ಮದೇ ಆಗಿತ್ತು.

ಆ ಮುತ್ತುಗಾರರು ಬಡವರು. ಹಡಗಿನ ಯಜಮಾನನಿಂದ ಪಡೆದ ಮುಂಗಡದ ಸಾಲ ತೀರದೆ, ತಂದೆಯ ಸಾಲಕ್ಕೆ ಮಗ ಕಡಲಿಗಿಳಿದ ಕಾಲವೂ ಇತ್ತು. 1930ರ ದಶಕದಲ್ಲಿ ಜಪಾನಿನ ಕೃಷಿ ಮುತ್ತುಗಳೂ ಜಾಗತಿಕ ಆರ್ಥಿಕ ಕುಸಿತವೂ ಸೇರಿ ಆ ಕಸುಬನ್ನು ಮುರಿದವು. 1932ರಲ್ಲಿ ಎಣ್ಣೆ ಸಿಕ್ಕಿತು. ದೋಣಿಗಳು ದಡ ಸೇರಿದವು. ಆದರೆ ಆ ದೋಣಿಗಳ ಊಟವನ್ನು ಜನ ಬಿಡಲಿಲ್ಲ, ಮುಚ್ಚಿಡಲೂ ಇಲ್ಲ. ಇಂದು ಅದನ್ನು ಅತಿಥಿಗಳಿಗೇ ಬಡಿಸುತ್ತಾರೆ.

ಊಟದ ನಡುವೆ ಆ ಹಿರಿಯಾಕೆ ಏನೋ ಕೇಳಿದರು. ತಮ್ಮ ಅನುವಾದಿಸಿದ: 'ನಿಮ್ಮಲ್ಲಿ ಸಿಹಿಗೆ ಮೀನು ತಿನ್ನುವುದಿಲ್ಲವೇ?' ನಾನು ಥಟ್ಟನೆ, 'ಇಲ್ಲ, ನಮ್ಮಲ್ಲಿ ಯಾರೂ ಹಾಗೆ ತಿನ್ನುವುದಿಲ್ಲ' ಎಂದೆ. ಹೇಳಿದ ಮರುಕ್ಷಣವೇ ಗಂಟಲಲ್ಲಿ ತುತ್ತು ನಿಂತಂತಾಯಿತು. ನಾನು ಹೇಳಿದ್ದು ನಿಜವಾಗಿರಲಿಲ್ಲ.

ನೇತ್ರಾವತಿ ದಂಡೆಯ ನಮ್ಮ ಮನೆಯಲ್ಲಿ ಅಜ್ಜಿ ಬೀಡಿ ಕಟ್ಟುತ್ತಿದ್ದರು. ಸಾವಿರದ ಲೆಕ್ಕ ಮುಗಿಸಿ ಏಳುವಾಗ ಹೊತ್ತು ಇಳಿದಿರುತ್ತಿತ್ತು. ಆಮೇಲೆ ಅವರ ಊಟ: ಕುಚ್ಚಲಕ್ಕಿ ಗಂಜಿ, ಕೆಂಡದಲ್ಲಿ ಸುಟ್ಟ ಒಣ ಬಂಗುಡೆಯ ಒಂದು ತುಂಡು, ಜೊತೆಗೆ ಓಲೆಬೆಲ್ಲದ ಒಂದು ಚೂರು. ಬೆಲ್ಲವನ್ನು ಕಚ್ಚಿ, ಮೀನನ್ನು ನಂಜಿಕೊಂಡು, ಮೇಲಿಂದ ಗಂಜಿ. ನನಗೆ ಎಂಟು ವರ್ಷವಿರುವಾಗ ಅತ್ತೆಯನ್ನು ನೋಡಲು ಪೇಟೆಯಿಂದ ನೆಂಟರು ಬಂದಿದ್ದರು. ಅವರ ಮುಂದೆ ನಾನು ದೊಡ್ಡ ಸಂಗತಿ ಹೇಳುವವಳಂತೆ, 'ನಮ್ಮ ಅಜ್ಜಿ ಬೆಲ್ಲಕ್ಕೆ ಮೀನು ನಂಜಿಕೊಳ್ಳುತ್ತಾರೆ!' ಎಂದುಬಿಟ್ಟೆ. ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕರು. ಆದರೆ ಅಂದಿನಿಂದ ಅವರು ನಮ್ಮ ಜೊತೆ ಕೂತು ಆ ಊಟ ಮಾಡಲಿಲ್ಲ. ಅಡುಗೆಮನೆಯ ಬಾಗಿಲ ಮರೆಯಲ್ಲಿ, ಗೋಡೆಯ ಕಡೆ ಮುಖ ಮಾಡಿ ತಿನ್ನುತ್ತಿದ್ದರು. ನನ್ನನ್ನು ಒಮ್ಮೆಯೂ ಗದರಲಿಲ್ಲ. ಅವರು ತೀರಿಕೊಂಡು ವರ್ಷಗಳಾದವು. ಅಲ್ಲಾಹನು ಅವರಿಗೆ ಮಗ್ಫಿರತ್ ನೀಡಲಿ.

ಪ್ರವಾದಿ(ಸ)ಯವರು ಯಾವ ಆಹಾರದಲ್ಲೂ ಎಂದೂ ಕುಂದು ಹುಡುಕಲಿಲ್ಲ, ಇಷ್ಟವಾದರೆ ತಿನ್ನುತ್ತಿದ್ದರು, ಇಲ್ಲವಾದರೆ ಸುಮ್ಮನೆ ಬಿಡುತ್ತಿದ್ದರು ಎಂದು ಹ. ಅಬೂಹುರೈರಾ(ರ) ವರದಿ ಮಾಡಿರುವುದು ಬುಖಾರಿ, ಮುಸ್ಲಿಮ್ ಎರಡೂ ಗ್ರಂಥಗಳಲ್ಲಿದೆ. ಇದನ್ನು ನಾವು ಮದ್ರಸದಲ್ಲೇ ಕಲಿತಿರುತ್ತೇವೆ. ಆದರೆ ಸ್ವತಃ ಪ್ರವಾದಿ(ಸ)ಯವರು ತಾಜಾ ಖರ್ಜೂರವನ್ನು ಸೌತೆಕಾಯಿಯೊಂದಿಗೆ ತಿನ್ನುತ್ತಿದ್ದರು ಎಂಬುದು ನಮಗೆಷ್ಟು ಮಂದಿಗೆ ನೆನಪಿದೆ? ಅದನ್ನು ಕಂಡು ಹೇಳಿದವರು ಅಬ್ದುಲ್ಲಾ ಬಿನ್ ಜಅ್‌ಫರ್(ರ). ಕಲ್ಲಂಗಡಿಯನ್ನು ಖರ್ಜೂರದೊಂದಿಗೆ ತಿನ್ನುತ್ತಿದ್ದರೆಂದೂ, ಒಂದರ ಉಷ್ಣವನ್ನು ಇನ್ನೊಂದರ ತಂಪು ಸರಿದೂಗಿಸುತ್ತದೆಂದು ಹೇಳುತ್ತಿದ್ದರೆಂದೂ ಹ. ಆಯಿಶಾ(ರ)ರ ವರದಿ ಅಬೂದಾವೂದ್‌ನಲ್ಲಿದೆ. ಖರ್ಜೂರ ಮತ್ತು ಸೌತೆಕಾಯಿ! ಇಂದು ನಮ್ಮ ಮನೆಯ ಮಗುವೊಂದು ಹಾಗೆ ತಿಂದರೆ ನಾವೇ ಮುಖ ಸಿಂಡರಿಸುತ್ತೇವೆ.

ನಾಲಿಗೆಗೂ ಇದರಲ್ಲಿ ಒಂದು ಲೆಕ್ಕವಿದೆ. ಚಿಟಿಕೆ ಉಪ್ಪು ಕಹಿಯನ್ನು ಅಡಗಿಸುತ್ತದೆ, ಆಗ ಸಿಹಿ ಮುಂದೆ ಬರುತ್ತದೆ. ಅನಾನಸಿಗೆ, ಪೇರಳೆಗೆ ಉಪ್ಪು ಸವರುವುದು ಈ ಕಾರಣಕ್ಕೇ. ಆದರೆ ಊಟದ ಬಗೆಗಿನ ಕೆಲವು ಹೆದರಿಕೆಗಳಿಗೆ ಇಂತಹ ಆಧಾರವಿಲ್ಲ. ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ ಎಂಬ ಮಾತು ನಮ್ಮ ಎಷ್ಟೋ ಮನೆಗಳಲ್ಲಿದೆ. ತೊನ್ನು ಬರುವುದು ದೇಹದ ರೋಗನಿರೋಧಕ ವ್ಯವಸ್ಥೆ ಚರ್ಮದ ಬಣ್ಣದ ಕಣಗಳ ಮೇಲೆಯೇ ತಿರುಗಿಬೀಳುವುದರಿಂದ, ಹಾಲು ಮೀನು ಕೂಡಿದ್ದರಿಂದಲ್ಲ. ಕೆಟ್ಟ ಮೀನು ಮಾತ್ರ ಯಾವುದರ ಜೊತೆ ತಿಂದರೂ ಅಪಾಯ. ಸಕ್ಕರೆ ಕಾಯಿಲೆ ಇದ್ದವರಿಗೆ ಮುಹಮ್ಮರ್ ಒಂದೆರಡು ತುತ್ತಷ್ಟೇ ಸಾಕು.

ಆ ದಿನ ಹೊರಡುವ ಮುನ್ನ ನಾನು ತಮ್ಮನಿಗೆ, 'ಅವರಿಗೆ ಹೇಳು, ನಾನು ತಪ್ಪು ಹೇಳಿದೆ. ನಮ್ಮ ಅಜ್ಜಿ ತಿನ್ನುತ್ತಿದ್ದರು' ಎಂದೆ. ಹಿರಿಯಾಕೆ ನಗಲಿಲ್ಲ. ಯಾವ ಮೀನು, ಯಾವ ಸಿಹಿ ಎಂದು ಆಸಕ್ತಿಯಿಂದ ಕೇಳಿದರು. ತಾಳೆಮರದ ಬೆಲ್ಲ ಎಂದಾಗ ತಲೆದೂಗಿ, 'ಅದೂ ನಮ್ಮ ಖರ್ಜೂರದ ಮರದ ಸಂಬಂಧಿಯೇ ಅಲ್ಲವೇ' ಎಂದರು. ನಮ್ಮ ಅಜ್ಜಿಯ ಊಟದ ಬಗ್ಗೆ ಯಾರಾದರೂ ಗೌರವದಿಂದ ವಿಚಾರಿಸಿದ್ದು ಅದೇ ಮೊದಲು.

ಓದುಗ ಸಹೋದರಿಯರೇ, ನಿಮ್ಮ ಮನೆಗೆ ಸೊಸೆಯಾಗಿ ಬಂದವಳು ತವರಿನಲ್ಲಿ ಯಾವುದಕ್ಕೆ ಯಾವುದನ್ನು ಸೇರಿಸಿ ತಿನ್ನುತ್ತಿದ್ದಳೆಂದು ಎಂದಾದರೂ ಕೇಳಿದ್ದೀರಾ? ನಿಮ್ಮ ವಯಸ್ಸಾದ ಅತ್ತೆ ಎಲ್ಲರ ಊಟವಾದ ಮೇಲೆಯೇ ಯಾಕೆ ತಟ್ಟೆ ಹಿಡಿಯುತ್ತಾರೆಂದು ಗಮನಿಸಿದ್ದೀರಾ? ಇಂದು ರಾತ್ರಿ ಒಮ್ಮೆ ಕೇಳಿ ನೋಡಿ. ಅವರು ಹೇಳಿದ್ದು ಹಲಾಲ್ ಆಗಿದ್ದರೆ, ಆರೋಗ್ಯಕ್ಕೆ ಕೆಡುಕಿಲ್ಲದಿದ್ದರೆ, ನಗದೆ ಅವರ ತಟ್ಟೆಯಿಂದ ಒಂದು ತುತ್ತು ನೀವೂ ತಿನ್ನಿ. ರುಚಿಸದಿದ್ದರೆ ಸುಮ್ಮನೆ ಬಿಡಿ. ಅದೂ ಸುನ್ನತ್ತೇ.