ನಾವು ಕೇಳಿದ ಒಂದು ಕಂಠ

ಹೊಣಕೆರೆಯ ಕಡೆಯಿಂದ ಬರುವ ನಮ್ಮ ಬಾಲಿಕೆಯರ ನಾಲಿಗೆಗೆ ಹಕಾರವು ಸುಲಭವಾಗಿ ಒಗ್ಗುವದಿಲ್ಲ. ಸ್ವಂತ ಊರನ್ನೇ 'ಒಣಕೆರೆ' ಎಂದುಬಿಡುವರು. ಒಮ್ಮೆ ಪ್ರಾತಃಪ್ರಾರ್ಥನೆಯಲ್ಲಿ ಸತ್ಯವೇದವನ್ನು ಓದುತ್ತಿದ್ದ ಒಬ್ಬಳನ್ನು ನಾವು ಎಲ್ಲರೆದುರಿಗೇ ತಿದ್ದಿದೆವು. ಸಭೆಯು ನಕ್ಕಿತು. ಅಂದಿನಿಂದ ಅವಳು ಓದಲು ಏಳಲೇ ಇಲ್ಲ. ತಪ್ಪು ನಮ್ಮದು.

2024ನೆಯ ಆಗಸ್ಟಿನಲ್ಲಿ ಲಾಲ್‌ಬಾಗಿನ ಪುಷ್ಪಪ್ರದರ್ಶನಕ್ಕೆ ಮಕ್ಕಳನ್ನು ಕರೆದೊಯ್ದಾಗ, ಮೆಟ್ರೋ ಗಾಡಿಯಲ್ಲಿ ನಿಲ್ದಾಣಗಳ ಹೆಸರನ್ನು ಕರೆಯುತ್ತಿದ್ದ ಕಂಠಕ್ಕೆ ಅವಳು ಕಿವಿಗೊಟ್ಟು ನಿಂತಳು. "ಯಾರಮ್ಮ ಅವರು?" ಎಂದಳು.

ಶ್ರೀಮತಿ ಅಪರ್ಣಾ ಎಂದೆವು. ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ ಹುಟ್ಟಿದವರು. ಪುಟ್ಟಣ್ಣ ಕಣಗಾಲರ ಕಡೆಯ ಚಿತ್ರವಾದ 'ಮಸಣದ ಹೂವು'ವಿನಲ್ಲಿ ನಟಿಸಿ, ದೂರದರ್ಶನದಲ್ಲಿಯೂ ಆಕಾಶವಾಣಿಯಲ್ಲಿಯೂ ನಿರೂಪಕಿಯಾಗಿ ಹೆಸರಾದವರು. 1998ರ ದೀಪಾವಳಿ ಕಾರ್ಯಕ್ರಮವನ್ನು ಎಂಟು ಗಂಟೆಗಳ ಕಾಲ ಒಂದೇ ಸಮನೆ ನಡೆಸಿಕೊಟ್ಟವರು. ಅವರ ಮಾತಿನಲ್ಲಿ ಆಡಂಬರವಿರಲಿಲ್ಲ. ಅಕ್ಷರಕ್ಕೆ ಸಲ್ಲುವಷ್ಟೇ ಉಸಿರು, ಅರ್ಥವು ಮುಗಿದಲ್ಲಿ ಮಾತ್ರ ನಿಲುಗಡೆ. (ಉಪಾಧ್ಯಾಯಿನಿಯರಾದ ನಮಗೇ ಇದು ಎಷ್ಟೋ ದಿನ ಬಾರದು.) ಹಿಂದಿನ ತಿಂಗಳು 11ರಂದು ಅವರು ಶ್ವಾಸಕೋಶದ ಅರ್ಬುದದಿಂದ ತೀರಿಕೊಂಡರೆಂಬದನ್ನು ಹೇಳಲು ಮನಸ್ಸಾಗದಿದ್ದರೂ ಹೇಳಿದೆವು. ಹುಡುಗಿಯು ಗಾಡಿಯ ಮಾಳಿಗೆಯನ್ನೇ ನೋಡುತ್ತಿದ್ದಳು.

ಮರಳುವಾಗ ಬಸ್ಸಿನ ಹಿಂದಿನ ಆಸನದಿಂದ ಮೆಲ್ಲನೆ ಕೇಳಿಸಿತು: "ಮುಂದಿನ ನಿಲ್ದಾಣ, ಹೊಣಕೆರೆ." ಹಕಾರವು ಅರ್ಧ ಬಂದಿತ್ತು. ನಾವು ತಿದ್ದದೆ ಕುಳಿತೆವು.