ಕೊಪ್ಪಾನನ ತಪ್ಪೇನು?

ಪಾಠ ಹೇಳುವವನಿಗೆ ಎಷ್ಟೋ ಸಲ ವಿದ್ಯಾರ್ಥಿಯೇ ಗುರುವಾಗುವುದುಂಟು. ಕಳೆದ ಮಳೆಗಾಲದಲ್ಲಿ ನನಗೆ ಈ ಅನುಭವವಾಯಿತು. ಅಂದು ಬೆಳಗಿನಿಂದಲೇ ಮಳೆ ಹಿಡಿದಿದ್ದಿತು. ಲೋಕಲ್ ಗಾಡಿಗಳು ನಿಂತುಹೋಗಿ ಅರ್ಧ ತರಗತಿ ಬಂದಿರಲಿಲ್ಲ. ಬಂದ ಹುಡುಗರಿಗೆ ಪಠ್ಯದ ಹೊರಗಿನ ಕಥೆಯೊಂದನ್ನು ಹೇಳೋಣವೆಂದು ಹಂಗೇರಿಯ ರಾಜ್ಯವು ಹುಟ್ಟಿದ ವೃತ್ತಾಂತವನ್ನು ಆರಿಸಿಕೊಂಡೆನು.

ಮಾಗ್ಯಾರರೆಂಬ ಅಶ್ವಾರೋಹಿ ಜನರು ಪೂರ್ವದ ಹುಲ್ಲುಗಾವಲುಗಳಿಂದ ಹೊರಟು, 895ರ ಸುಮಾರಿಗೆ ಆರ್ಪಾದನೆಂಬ ನಾಯಕನ ಕಾಲದಲ್ಲಿ ಕಾರ್ಪೇಥಿಯನ್ ಪರ್ವತಗಳ ನಡುವಣ ಬಯಲಿಗೆ ಬಂದು ನೆಲಸಿದರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅವರ ಬಾಣಗಳಿಗೆ ಪಶ್ಚಿಮ ಯುರೋಪು ನಡುಗಿತು. 955ರಲ್ಲಿ ಲೆಖ್‌ಫೆಲ್ಡಿನ ಬಯಲಿನಲ್ಲಿ ಜರ್ಮನರ ದೊರೆ ಒಂದನೆಯ ಆಟೋ ಅವರನ್ನು ಸೋಲಿಸಿದನು. ಸೂರೆಯ ಬದುಕು ಮುಗಿಯಿತೆಂಬುದನ್ನು ಅವರ ಮುಖಂಡ ಗೇಜಾ ಅರಿತನು. 973ರಲ್ಲಿ ಚಕ್ರವರ್ತಿಯ ಸಭೆಗೆ ದೂತರನ್ನು ಕಳುಹಿಸಿದನು. ಮಗ ವಾಯ್ಕನಿಗೆ ದೀಕ್ಷಾಸ್ನಾನ ಮಾಡಿಸಿ ಇಷ್ಟ್ವಾನನೆಂಬ ಹೆಸರನ್ನಿಡಿಸಿದನು; ಬವೇರಿಯಾದ ರಾಜಕುಮಾರಿ ಗಿಜೆಲಾಳನ್ನು ಸೊಸೆಯಾಗಿ ತಂದನು.

997ರಲ್ಲಿ ಗೇಜಾ ತೀರಿಕೊಂಡನು. ಮನೆತನದ ಹಿರಿಯನಿಗೆ ಅಧಿಕಾರ ಸಲ್ಲಬೇಕೆಂಬುದು ಹಳೆಯ ಪದ್ಧತಿ. ಮಗನಿಗೆ ಸಲ್ಲಬೇಕೆಂಬುದು ಹೊಸ ಪದ್ಧತಿ. ಹಳೆಯ ಪದ್ಧತಿಯ ಬಲದಿಂದ ದಾಯಾದಿ ಕೊಪ್ಪಾನನು ಎದ್ದು ನಿಂತನು. ಇಷ್ಟ್ವಾನನ ಕಡೆ ಜರ್ಮನ್ ಯೋಧರಿದ್ದರು. ಯುದ್ಧದಲ್ಲಿ ಕೊಪ್ಪಾನನು ಮಡಿದನು. ಅವನ ದೇಹವನ್ನು ನಾಲ್ಕು ತುಂಡು ಮಾಡಿ ಕೋಟೆಗಳ ಬಾಗಿಲುಗಳಿಗೆ ತೂಗುಹಾಕಿದರೆಂದು ಹಂಗೇರಿಯ ಚರಿತೆಗಳು ಹೇಳುತ್ತವೆ. ಬಳಿಕ 1000ದ ಕ್ರಿಸ್ಮಸ್ ದಿನದಂದೋ 1001ರ ಮೊದಲ ದಿನದಂದೋ ಇಷ್ಟ್ವಾನನು ಕಿರೀಟ ಧರಿಸಿದನು. ಆ ಕಿರೀಟವನ್ನು ಪೋಪ್ ಎರಡನೆಯ ಸಿಲ್ವೆಸ್ಟರನು ಕಳುಹಿಸಿದನೆಂಬುದು ಪರಂಪರೆಯ ಮಾತು. ಎಸ್ಟರ್‌ಗೋಮಿನಲ್ಲಿ ಮಹಾಧರ್ಮಪೀಠ ಏರ್ಪಟ್ಟಿತು. ಹತ್ತು ಹಳ್ಳಿಗಳು ಸೇರಿ ಒಂದು ಇಗರ್ಜಿಯನ್ನು ಕಟ್ಟಬೇಕೆಂದು ಕಾನೂನಾಯಿತು. ಭಾನುವಾರ ಎತ್ತು ಹೂಡಿ ದುಡಿದವನ ಎತ್ತನ್ನೇ ಕಿತ್ತುಕೊಳ್ಳಬೇಕೆಂದೂ ವಿಧಿಯಾಯಿತು.

“ಹೀಗೆ ಅಲೆಮಾರಿಗಳ ಗುಂಪು ರಾಜ್ಯವಾಯಿತು” ಎಂದು ನಾನು ಹೆಮ್ಮೆಯಿಂದ ಮುಗಿಸಿದೆನು. ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗನು ಎದ್ದು, “ಸರ್, ಹಿರಿಯನಿಗೆ ಸಲ್ಲಬೇಕೆಂಬುದೇ ಅವರ ರೂಢಿಯಾಗಿದ್ದರೆ ಕೊಪ್ಪಾನನ ತಪ್ಪೇನು?” ಎಂದು ಕೇಳಿದನು.

ನನ್ನಲ್ಲಿ ಉತ್ತರವಿರಲಿಲ್ಲ. “ನಾಳೆ ಹೇಳುತ್ತೇನೆ” ಎಂದು ಪುಸ್ತಕ ಮುಚ್ಚಿದೆನು. ಇಷ್ಟು ವರ್ಷ ಗೆದ್ದವನ ಪಕ್ಕದಲ್ಲಿ ನಿಂತೇ ಇತಿಹಾಸ ಹೇಳುತ್ತ ಬಂದೆನಲ್ಲ ಎಂದು ನಾಚಿಕೆಯಾಯಿತು.

ಆ ರಾತ್ರಿ ಚಾಳಿನ ಕೋಣೆಯಲ್ಲಿ ನಿದ್ರೆ ಬಾರದೆ ಯೋಚಿಸಿದೆನು. ಮಗ ಇಮ್ರೆಗಾಗಿ ಇಷ್ಟ್ವಾನನ ಹೆಸರಿನಲ್ಲಿ ಬರೆದ ಬುದ್ಧಿವಾದವೊಂದುಂಟು. ಪರದೇಶಗಳಿಂದ ಬಂದು ನೆಲಸುವವರನ್ನು ಆದರಿಸಬೇಕು, ಅವರ ಬೇರೆಬೇರೆ ನುಡಿ ನಡೆಗಳು ರಾಜ್ಯಕ್ಕೆ ಬಲವನ್ನು ಕೊಡುತ್ತವೆ ಎಂಬುದು ಅದರ ಒಂದು ಮುಖ್ಯ ಅಭಿಪ್ರಾಯ. ಊರು ಬಿಟ್ಟು ಈ ನಗರಕ್ಕೆ ಅನ್ನಕ್ಕಾಗಿ ಬಂದ ನನ್ನಂಥವನಿಗೆ ಆ ಮಾತು ಅಮೃತದಂತಿದೆ. ಆದರೆ ಪರಕೀಯರಿಗೆ ಇಷ್ಟು ಉದಾರವಾದ ಆ ಆಳ್ವಿಕೆಯೇ ಸ್ವಂತ ದಾಯಾದಿಯ ದೇಹವನ್ನು ಕೋಟೆಯ ಬಾಗಿಲಿಗೆ ತೂಗುಹಾಕಿತು. 1031ರಲ್ಲಿ ಇಮ್ರೆ ಬೇಟೆಯಲ್ಲಿ ಮಡಿದ ಮೇಲೆ, ಮತ್ತೊಬ್ಬ ದಾಯಾದಿ ವಾಜುಲನ ಕಣ್ಣುಗಳನ್ನು ಕೀಳಿಸಲಾಯಿತು. 1038ರಲ್ಲಿ ತೀರಿಕೊಂಡ ಇಷ್ಟ್ವಾನನನ್ನು 1083ರಲ್ಲಿ ಸಂತನೆಂದು ಸಾರಿದರು. ಈ ಎರಡು ಮುಖಗಳೂ ಒಬ್ಬನವೇ.

ಮರುದಿನ ಆ ಹುಡುಗನಿಗೆ ಹೀಗೆಂದೆನು: “ಅಪ್ಪಾ, ಹಳೆಯ ರೂಢಿಯ ಲೆಕ್ಕದಲ್ಲಿ ಕೊಪ್ಪಾನನು ತಪ್ಪಿತಸ್ಥನಲ್ಲ. ಇಷ್ಟ್ವಾನನು ಮಾಡಿದ ಬದಲಾವಣೆಯಿಂದ ಆ ಜನಾಂಗ ಉಳಿಯಿತೆಂಬುದೂ ನಿಜ. ಆದರೆ ಉಳಿವಿನ ಬೆಲೆಯನ್ನು ಯಾರು ತೆತ್ತರೆಂದು ಕೇಳದೆ ಇತಿಹಾಸವನ್ನು ಓದಬಾರದು. ನೀನು ಕೇಳಿದೆ, ನಾನು ಕೇಳಿರಲಿಲ್ಲ.”

ಅವನು ಮತ್ತೂ ಕೇಳಿದನು: “ಅವರ ಭಾಷೆಯೂ ಹೋಯಿತೆ, ಸರ್?”

ಈ ಪ್ರಶ್ನೆಗೆ ಉತ್ತರ ನನಗೆ ತಿಳಿದಿದ್ದಿತು. ರಾಜ್ಯದ ಬರವಣಿಗೆಯನ್ನು ಲ್ಯಾಟಿನ್ ಆಕ್ರಮಿಸಿತು. 1844ರವರೆಗೂ ಆಡಳಿತ ಭಾಷೆಯ ಸ್ಥಾನವನ್ನು ಬಿಡಲಿಲ್ಲ. ಆದರೆ 1055ರಲ್ಲಿ ಬಾಲಟಾನ್ ಸರೋವರದ ದಂಡೆಯ ತಿಹಾನಿ ಮಠಕ್ಕೆ ದೊರೆ ಆಂದ್ರಾಶನು ಕೊಟ್ಟ ಲ್ಯಾಟಿನ್ ದಾನಪತ್ರದಲ್ಲಿ ಜಮೀನಿನ ಎಲ್ಲೆಗಳನ್ನು ಗುರುತಿಸುವಾಗ ಹಂಗೇರಿಯನ್ ನುಡಿಗಳು ನುಸುಳಿವೆ. ಫೆಹೆರ್‌ವಾರಿಗೆ ಹೋಗುವ ದಂಡಿನ ದಾರಿ ಎಂಬ ಅರ್ಥದ ತುಣುಕು ಅವುಗಳಲ್ಲೊಂದು. ಆ ದಾನಪತ್ರವನ್ನು ಕೊಟ್ಟ ಆಂದ್ರಾಶನು ಕುರುಡನಾದ ಆ ವಾಜುಲನ ಮಗ! ಆ ದಾರಿಯಲ್ಲಿ ನಡೆಯುತ್ತಿದ್ದ ರೈತನ ಬಾಯಲ್ಲಿ ಭಾಷೆ ಬದುಕಿದ್ದಿತು, ಇಂದಿಗೂ ಬದುಕಿದೆ.

ಇಷ್ಟು ಹೇಳಿದಾಗ ಹುಡುಗರು ಹೊರಗಿನ ರಸ್ತೆಯತ್ತ ನೋಡಿದರು. ಅಲ್ಲಿ ಹತ್ತು ಭಾಷೆಗಳ ಗದ್ದಲವಿದ್ದಿತು. ಮಳೆ ನಿಂತಿದ್ದಿತು. ಗಂಟೆ ಬಾರಿಸಿದ ಕೂಡಲೆ ಅವರು ಕನ್ನಡದಲ್ಲಿ ಕಿರಿಚುತ್ತ ಓಡಿದರು. ಎಂದಿನಂತೆ ಅವರನ್ನು ಗದರಿಸಲು ಆ ದಿನ ನನಗೆ ಮನಸ್ಸಾಗಲಿಲ್ಲ.